ತಪ್ಪಲೇಬೇಕಾದ ಲೆಕ್ಕ

ಸಂಚಾರ ವಿಭಾಗದ ಕಚೇರಿಯಲ್ಲಿ ಅಪಘಾತಗಳ ಅಂಕಿಅಂಶ ನೋಡಿಕೊಳ್ಳುವ ಗುಮಾಸ್ತೆಗೆ ಎಲ್ಲರೂ ಇಟ್ಟ ಹೆಸರು ಗುಂಡುಪಿನ್ನಕ್ಕ. ಅಪಘಾತಕ್ಕೊಂದರಂತೆ ಅವಳು ಊರಿನ ನಕ್ಷೆಗೆ ಚುಚ್ಚಿದ ಪಿನ್ನುಗಳ ಭಾರಕ್ಕೆ ಗೋಡೆಯೇ ವಾಲಿದೆ ಎಂದು ಪಕ್ಕದ ಮೇಜಿನವರು ಆಣೆ ಮಾಡಿ ಹೇಳುತ್ತಾರೆ. ಮನೆಯಲ್ಲೂ ಸುಮ್ಮನಿರುವವಳಲ್ಲ, ಬೆಳಿಗ್ಗೆ ಏಳೂಕಾಲಿಗೆ ಬಚ್ಚಲಮನೆ ಬಾಗಿಲಲ್ಲಿ ಅತ್ತೆಯೂ ಮೈದುನನೂ ಡಿಕ್ಕಿ ಹೊಡೆಯುತ್ತಾರೆಂದು ಹಿಂದಿನ ದಿನವೇ ಹೇಳಿಬಿಡುತ್ತಾಳೆ. ಅವಳೆದುರು ಅಪಘಾತಕ್ಕೆ ವಿಧಿಯೇ ಕಾರಣ ಎಂದವರ ಕಥೆ ಮುಗಿಯಿತು: "ವಿಧಿಗೆ ಗುರುವಾರ ಸಂಜೆ ಆರಕ್ಕೇ, ಅದೇ ಡೈರಿ ತಿರುವಿಗೇ ಬರೋ ಚಟ ಇದೆಯೇನ್ರೀ? ಅಲ್ಲೊಂದು ಸಿಗ್ನಲ್ ಹಾಕ್ಸಿ ಅಂತ ಹನ್ನೊಂದು ಸಲ ಬರೆದಿದ್ದೀನಿ!" ಹನ್ನೊಂದಕ್ಕೂ ಸಾಹೇಬರದು ಒಂದೇ ಉತ್ತರ, "ನೋಡೋಣಮ್ಮ." ಈಚೆಗೆ ಅವರಿಗೆ ನಗಲು ಕಾರಣವೂ ಸಿಕ್ಕಿದೆ: "ಏನಮ್ಮಾ, ಈ ಗುರುವಾರವೂ ಅಲ್ಲಿ ಏನೂ ಆಗ್ಲಿಲ್ವಲ್ಲ? ಆರು ವಾರದಿಂದ ನಿಮ್ಮ ಲೆಕ್ಕ ತಪ್ತಾನೇ ಇದೆ." ಅವಳು ತಲೆಯೆತ್ತಿಯೇ ಹೇಳುತ್ತಾಳೆ: "ಮುಂದಿನ ವಾರಾನೂ ತಪ್ಸ್ತೀನಿ ಸಾರ್." ಗುರುವಾರ ಐದೂವರೆಗೆ ಕೆಂಪು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡುವ ಗುಂಡುಪಿನ್ನಕ್ಕ, ಡೈರಿ ತಿರುವಿನ ನಟ್ಟನಡುವೆ ಅದನ್ನು ಬಿಚ್ಚಿ ಹಿಡಿದು ನಿಲ್ಲುತ್ತಾಳೆ, ಬೈಯುವವರು ಬೈಯಲಿ, ಹಾರನ್ ಹೊಡೆಯುವವರು ಹೊಡೆಯಲಿ, ಏಳು ಗಂಟೆಯವರೆಗೆ ಒಂದೇ ಒಂದು ಬೈಕೂ ತನ್ನ ಲೆಕ್ಕವನ್ನು ನಿಜ ಮಾಡದಂತೆ ಕಾಯುತ್ತಾಳೆ.