ಹದಿನೇಳು ಹೆಸರುಗಳಲ್ಲಿ ದುಡಿದ ಗೋಪಮ್ಮ

ಬೆಳಗಿನ ಐದೂ ಕಾಲು. ರಾಯಚೂರಿನ ಬಸ್ ನಿಲ್ದಾಣದಲ್ಲಿ ಮಾನ್ವಿಯ ಬಸ್ಸು ಒಂದು ಕಡೆ, ದೇವದುರ್ಗದ ಬಸ್ಸು ಇನ್ನೊಂದು ಕಡೆ ಗುರುಗುಡುತ್ತ ನಿಂತಿವೆ. ಎರಡರ ನಡುವಿನ ಕಲ್ಲುಬೆಂಚಿನ ಮೇಲೆ ನಲವತ್ತಮೂರು ವರ್ಷದ ಗೋಪಮ್ಮ ಕೂತಿದ್ದಾರೆ. ತೊಡೆಯ ಮೇಲೆ ಬುತ್ತಿಯ ಚೀಲ, ಕೈಯಲ್ಲಿ ಫೋನು. ಯಾವ ಬಸ್ಸು ಹತ್ತಬೇಕೆಂಬುದು ಅವರಿಗೆ ಇನ್ನೂ ಗೊತ್ತಿಲ್ಲ. ಎರಡನ್ನೂ ಬಿಟ್ಟು ಊರೊಳಗೇ ನಡೆದು ಹೋಗಬೇಕಾದೀತೋ, ಅದೂ ಗೊತ್ತಿಲ್ಲ.

ದೇವದುರ್ಗದ ಬಸ್ಸಿನ ಕಂಡಕ್ಟರ್ ಬಾಗಿಲಿಂದ ಬಗ್ಗಿ ಕೂಗುತ್ತಾನೆ. "ಅಕ್ಕಾ, ಇವತ್ತ ಯಾರಿಗೆ ಜ್ವರ ಬಂದಾವ? ಜಲ್ದಿ ಹೇಳು, ಸೀಟ್ ಹಿಡೀತೀನಿ."

"ಇನ್ನ ಯಾರಿಗೂ ಬಂದಿಲ್ಲಪಾ. ನಿನಗ ಬಂದ್ರ ಹೇಳು, ನಿನ್ನ ಟಿಕೇಟ್ ಮಷಿನ್ನೂ ನಾನೇ ಹಿಡೀತೀನಿ."

ಐದೂ ಇಪ್ಪತ್ತೈದಕ್ಕೆ ಫೋನು ಬರುತ್ತದೆ. ಆ ಕಡೆ ಸೂಪರ್‌ವೈಸರ್ ಪಂಪಾಪತಿ. "ಗೋಪಮ್ಮ, ಮಾನ್ವ್ಯಾಗ ಎಲ್ಲಾರೂ ಬಂದಾರ. ದೇವದುರ್ಗದಾಗ ಮಂಜುಳಾಗ ವಾಂತಿ ಹತ್ಯಾವಂತ. ನೀ ಆ ಕಡಿಗೆ ನಡಿ."

"ನಡದೀನ್ರಿ ಸರ. ಅಕಿಗೆ ಉಪ್ಪು ಸಕ್ರಿ ನೀರು ಕುಡಿಯಾಕ ಹೇಳ್ರಿ, ಚಾ ಕುಡ್ಕೋತ ಕುಂತಾಳು."

ಹೀಗೆ ಗೋಪಮ್ಮನ ದಿನ ಇನ್ನೊಬ್ಬರ ಗೈರುಹಾಜರಿಯಿಂದ ಶುರುವಾಗುತ್ತದೆ. ಲಿಂಗಸುಗೂರು ರಸ್ತೆಯಲ್ಲಿ ನಾಲ್ಕು ಅಂತಸ್ತಿನ ಒಂದು ಖಾಸಗಿ ಆಸ್ಪತ್ರೆಯಿದೆ. ಮಾನ್ವಿ, ದೇವದುರ್ಗಗಳಲ್ಲಿ ಅದರ ಸಣ್ಣ ಶಾಖೆಗಳಿವೆ. ಮೂರೂ ಕಡೆಯ ಸ್ವಚ್ಛತೆ ಒಂದು ಗುತ್ತಿಗೆ ಕಂಪನಿಯದು. ದುಡಿಯುವವರು ನಲವತ್ತಾರು ಮಂದಿ ಹೆಂಗಸರು. ಯಾವ ದಿನ ನೋಡಿದರೂ ಅವರಲ್ಲಿ ಒಬ್ಬಿಬ್ಬರು ಬಂದಿರುವುದಿಲ್ಲ. ಬಾರದವರ ಜಾಗದಲ್ಲಿ ನಿಲ್ಲುವುದೇ ಗೋಪಮ್ಮನ ಕೆಲಸ. ಕಂಪನಿಯ ಪಟ್ಟಿಯಲ್ಲಿ ಅದಕ್ಕೆ 'ರಿಲೀವರ್' ಎಂಬ ಹೆಸರಿದೆ. ಓಣಿಯ ಮಂದಿ ಮಾತ್ರ ಇವತ್ತಿಗೂ 'ಬದಲಿ ಗೋಪಮ್ಮ' ಎಂದೇ ಕರೆಯುತ್ತಾರೆ.

ದೇವದುರ್ಗದ ಶಾಖೆ ತಲುಪಿದಾಗ ಏಳು ಗಂಟೆಯಾಗಿದೆ. ಇಪ್ಪತ್ತೆರಡು ಹಾಸಿಗೆ, ಒಂಬತ್ತು ಶೌಚಾಲಯ, ಒಂದು ಹೆರಿಗೆ ಕೋಣೆ. ಫರಶಿ ನೆಲ ಎರಡು ಸಲ ಒರೆಸಬೇಕು. ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಗೆ ಕೆಂಪು ಚೀಲಕ್ಕೆ ಹೋಗಬೇಕು. ಗೋಪಮ್ಮ ಯಾರನ್ನೂ ಏನನ್ನೂ ಕೇಳುವುದಿಲ್ಲ. ನೇರ ಮೆಟ್ಟಿಲ ಕೆಳಗೆ ಹೋಗಿ, ಹಳೆಯ ಮಂಚದ ಹಿಂದೆ ಕೈ ಹಾಕಿ ಹೊಸ ಮಾಪು ಹೊರಗೆಳೆಯುತ್ತಾರೆ.

"ಛಲೋ ಮಾಪ್ ಇದ್ರ ಎಲ್ಲಾರೂ ಬಚ್ಚಿಡ್ತಾರ್ರಿ. ಮಂಜುಳಾ ಮಂಚದ ಹಿಂದ, ಹಣಮಮ್ಮ ಲಿಫ್ಟಿನ ಬಾಜೂಕ, ರಂಜಾನಬಿ ಅಂತೂ ಒಗ್ಯಾ ಅರಿಬಿ ಒಳಗ ಸುತ್ತಿಡ್ತಾಳ. ಅವರ ಗುಟ್ಟೆಲ್ಲ ನನಗ ಗೊತ್ತವ. ಬದಲಿ ಬಂದಾಕಿಗೆ ಇಷ್ಟರೆ ಗೊತ್ತಿರಬೇಕಲ್ಲ?" ಎಂದು ನಗುತ್ತಲೇ ಬಕೀಟಿಗೆ ಫಿನೈಲು ಸುರಿಯುತ್ತಾರೆ.

ಗೋಪಮ್ಮ ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ. ಆರನೆಯ ಇಯತ್ತೆಗೆ ಶಾಲೆ ಬಿಟ್ಟು, ಹತ್ತೊಂಬತ್ತಕ್ಕೆ ಮದುವೆಯಾಗಿ ರಾಯಚೂರಿಗೆ ಬಂದರು. ಗಂಡ ಯಲ್ಲಾಲಿಂಗ ಕಟ್ಟಡಗಳ ಸೆಂಟ್ರಿಂಗ್ ಕೆಲಸದವರು. ಹಿರಿಮಗಳು ಅಂಬಿಕಾ ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ, ಕಿರಿಯವಳು ಹೈಸ್ಕೂಲಿನಲ್ಲಿ. ನಸುಕಿನ ನಾಲ್ಕಕ್ಕೆ ಎದ್ದು ಹದಿನಾಲ್ಕು ರೊಟ್ಟಿ ಬಡಿದು, ನಾಲ್ಕು ಬುತ್ತಿ ಕಟ್ಟಿಟ್ಟೇ ಗೋಪಮ್ಮ ಹೊಸ್ತಿಲು ದಾಟುವುದು.

ಆಸ್ಪತ್ರೆಯ ಕೆಲಸಕ್ಕೆ ಅವರು ಕಾಲಿಟ್ಟದ್ದು ಸುಮಾರು ಹತ್ತು ವರ್ಷದ ಹಿಂದೆ, ಅದೂ ಬೇರೆ ಹೆಸರಿನಲ್ಲಿ. ಪಕ್ಕದ ಮನೆಯ ರಂಜಾನಬಿ ಅಲ್ಲಿ ನೆಲ ಒರೆಸಿ, ಬಟ್ಟೆ ಒಗೆಯುತ್ತಿದ್ದರು. ಹಿರೇಕೊಟ್ನೆಕಲ್‌ಗೆ ಕೊಟ್ಟ ಮಗಳಿಗೆ ಹೆರಿಗೆ ಕಷ್ಟವಾಗಿ ಅವರು ಹೋಗಲೇಬೇಕಾಯಿತು. ಕಂಪನಿಯ ನಿಯಮ ಒಂದೇ: ತಿಂಗಳಲ್ಲಿ ಮೂರು ದಿನ ತಪ್ಪಿಸಿದರೆ ನಾಲ್ಕನೆಯ ದಿನ ಬರಬೇಕಾಗಿಲ್ಲ. "ಗೋಪವ್ವಾ, ನಾಕು ದಿನ ನನ್ನ ಹೆಸರಿನ ಮ್ಯಾಲ ಹೋಗಿ ಬಾರವ್ವಾ" ಎಂದು ರಂಜಾನಬಿ ಕೈ ಹಿಡಿದರು.

"ಮೊದಲ್ನೇ ದಿನ ಸೂಪರ್‌ವೈಸರ್ ಪುಸ್ತಕ ನೋಡಿ ರಂಜಾನಬೀ ಅಂತ ಕೂಗಿದ. ನಾ ಹಾಜರ್ ರೀ ಅಂದೆ. ಹಣಿ ತುಂಬ ಕುಂಕುಮ ಇಟ್ಕೊಂಡು ನಿಂತೀನಿ ನೋಡ್ರಿ! ಸಾಲಿನಾಗ ನಿಂತವರೆಲ್ಲ ಸೆರಗು ಬಾಯಿಗಿಟ್ಟು ನಕ್ರು. ಅಂವ ತಲಿ ಎತ್ತಿ ನೋಡ್ಲಿಲ್ಲ, ಟಿಕ್ ಹಾಕಿದ. ಅವನಿಗೆ ನೆಲ ಸ್ವಚ್ಛ ಆದ್ರ ಸಾಕಿತ್ತು."

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಯಾರಿಗೆ ಜ್ವರ ಬಂದರೂ, ಯಾರ ಮಗುವಿಗೆ ಕೆಮ್ಮಾದರೂ ನಸುಕಿನಲ್ಲಿ ಗೋಪಮ್ಮನಿಗೆ ಫೋನು. ಅವರು ಆ ದಿನ ಹಣಮಮ್ಮನಾಗುತ್ತಿದ್ದರು, ನಾಳೆ ಇನ್ನೊಬ್ಬರಾಗುತ್ತಿದ್ದರು. ಆ ದಿನದ ಕೂಲಿ ಬಾರದವರ ಕೈಯಿಂದ ಇವರಿಗೆ ಬರುತ್ತಿತ್ತು. ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಕೆಳಗೆ ಅಂದು ತಾವು ಯಾರಾಗಿದ್ದೆವೆಂದು ಮೊದಲಕ್ಷರ ಬರೆದಿಡುವುದು ರೂಢಿಯಾಯಿತು. ಅದರ ಪ್ರಕಾರ ಒಂದೇ ವರ್ಷದಲ್ಲಿ ಇನ್ನೂರ ನಲವತ್ತೊಂದು ದಿನ ಕೆಲಸ. ಒಂಬತ್ತು ವರ್ಷದಲ್ಲಿ ಹದಿನೇಳು ಹೆಸರು. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಗೋಪಮ್ಮ ಎಂಬ ಹೆಸರು ಒಂದು ದಿನವೂ ಇಲ್ಲ.

"ಮನ್ಯಾಗ ಇವರು ಗೋಪಮ್ಮ ಅಂತ ಕರದ್ರ ತಿರುಗಿ ನೋಡ್ತಿರ್ಲಿಲ್ರಿ," ಎನ್ನುತ್ತಾರೆ. ಯಲ್ಲಾಲಿಂಗ ಅದನ್ನು ಒಪ್ಪುತ್ತಾರೆ: "ಹೌದ್ರಿ. ಒಂದಿನ ಸಿಟ್ಟಿಗೆದ್ದು, ಇವತ್ತ ಯಾರಿದೀಯವಾ ನೀ, ಒಂದೀಟು ನೀರು ಕೊಡು ಅಂದೆ."

ಬಾರದಿರಲು ಹೇಳುವ ಕಾರಣಗಳೆಲ್ಲ ಖರೆಯಿರುತ್ತಿದ್ದವೇ? ಗೋಪಮ್ಮ ಮಾಪು ಹಿಂಡುತ್ತ ನಗುತ್ತಾರೆ. ಒಬ್ಬಾಕೆ ಒಂದೇ ವರ್ಷದಲ್ಲಿ ಮೂರು ಸಲ ಸೋದರಮಾವನ ಮಣ್ಣಿಗೆ ಹೋಗಿದ್ದಳಂತೆ. "ಯವ್ವಾ, ನಿಮ್ಮವ್ವಗ ಎಷ್ಟು ಮಂದಿ ಅಣ್ಣತಮ್ಮರಬೇ, ಒಬ್ಬರನ್ನರ ಉಳಿಸ್ಕೋ" ಎಂದು ಇವರು ಛೇಡಿಸಿದ್ದರಂತೆ. ಆದರೂ ಹೋಗುವುದು ಬಿಡಲಿಲ್ಲ. "ಅಕಿ ಜ್ವರ ಸುಳ್ಳಿರಬಹುದ್ರಿ. ನೆಲ ಖರೇನೇ ಹೊಲಸಾಗಿರ್ತದಲ್ಲ? ಅದರ ಮ್ಯಾಲ ಬಾಣಂತಿ ಬರಿಗಾಲಿಲೆ ಅಡ್ಡಾಡ್ತಾಳ."

ಹೋದ ವರ್ಷದ ಜೂನ್ ಒಂದರಂದು ಇದೆಲ್ಲ ಒಂದೇ ಬೆಳಗಿನಲ್ಲಿ ನಿಂತುಹೋಯಿತು. ಕಂಪನಿ ಹಾಜರಿ ಪುಸ್ತಕ ಮುಚ್ಚಿ ಫೋನಿನ ಹಾಜರಿ ತಂದಿತು. ಗೇಟಿನಲ್ಲಿ ಸೂಪರ್‌ವೈಸರ್ ಹಿಡಿದ ಫೋನಿಗೆ ಮುಖ ತೋರಿಸಬೇಕು. ಗುರುತು ಹಿಡಿದರೆ ಹಸಿರು ಗೆರೆ. ನಲವತ್ತಾರು ಮುಖಗಳನ್ನು ಅದರಲ್ಲಿ ತುಂಬಿದರು. ಗೋಪಮ್ಮನದು ತುಂಬಲಿಲ್ಲ. ಪಟ್ಟಿಯಲ್ಲಿ ಅಂಥವರು ಯಾರೂ ಇರಲಿಲ್ಲ.

ಮೂರನೆಯ ದಿನ ಅವರು ಒಂಬತ್ತು ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಗಂಜ್ ಮಾರುಕಟ್ಟೆ ಹತ್ತಿರದ ಕಂಪನಿಯ ಆಫೀಸಿಗೆ ಹೋದರು. ಮ್ಯಾನೇಜರ್ ಹದಿನೇಳು ಹೆಸರೂ ಕೇಳಿ, ಎರಡು ಪುಟ ತಿರುವಿದವನೇ ಬಾಗಿಲು ಮುಚ್ಚಿದ.

"ಇದನ್ನ ಯಾರಿಗೂ ತೋರಸಬ್ಯಾಡ. ಈ ದಿನ ಅವರೆಲ್ಲ ಕೆಲಸಕ್ಕ ಬಂದಾರಂತ ನಮ್ಮ ಕಾಗದದಾಗ ಅದ. ನೀ ಬಂದಿದ್ದಿ ಅಂದ್ರ ಅವರು ಬಂದಿಲ್ಲ ಅಂತಾತು. ಹದಿನೇಳೂ ಮಂದಿ ಕೆಲಸ ಹೋಗ್ತದ, ಬೇಕೇನು?"

ಗೋಪಮ್ಮ ಕ್ಯಾಲೆಂಡರುಗಳನ್ನು ಮತ್ತೆ ಸುತ್ತಿದರು. "ನನ್ನ ಹೆಸರು ಬರಸಾಕ ಹೋಗಿ ಹದಿನೇಳು ಹೆಸರು ಹೊಡಸಾಕ ಆಗ್ತದೇನ್ರಿ?" ಎನ್ನುತ್ತಾರೆ. ಆದರೆ ಅವತ್ತು ಎದ್ದು ಬರಲಿಲ್ಲ. "ಹಿಂದಿಂದು ಬಿಡ್ರಿ ಸರ. ಇವತ್ತಿಂದ ನನ್ನ ಬರಕೊಳ್ರಿ. ಬಾರದವರ ಜಾಗಕ್ಕ ಒಬ್ಬಾಕಿ ಬೇಕೇ ಬೇಕು" ಎಂದರು. ಜಾಗ ಖಾಲಿಯಿಲ್ಲ ಎಂಬ ಉತ್ತರ ಬಂತು.

ಮರುದಿನ ಬೆಳಗ್ಗೆ ಐದೂವರೆಗೆ ಗೋಪಮ್ಮ ಆಸ್ಪತ್ರೆಯ ಗೇಟಿನ ಮುಂದಿದ್ದರು. ಅದರ ಮರುದಿನವೂ. ಕಾವಲುಗಾರ ಅಮೀನ್ ಸಾಹೇಬರು ತಮ್ಮ ಕುರ್ಚಿ ಸರಿಸಿಕೊಟ್ಟು, "ಒಳಗ ಕರೆಯೂದಿಲ್ಲಂತ ಗೊತ್ತದ, ಯಾಕ ಬರ್ತೀಯವಾ?" ಎಂದು ಕೇಳಿದರು. "ಅವರು ಹಾಜರಿ ಹಾಕ್ಲಿ ಬಿಡ್ಲಿ ಸಾಹೇಬ್ರ, ನನ್ನ ಹಾಜರಿ ನಾ ಹಾಕ್ತೀನಿ." ಎಂಟು ಗಂಟೆಯವರೆಗೆ ಕೂತು, ಅಲ್ಲಿಂದ ಎರಡು ಮನೆಗಳ ಪಾತ್ರೆ ತಿಕ್ಕಲು ಹೋಗುತ್ತಿದ್ದರು. ಹೀಗೆ ಮೂವತ್ತೊಂದು ದಿನ.

ಒಳಗಿನವರ ಪಾಡೂ ಸುಖದ್ದಾಗಿರಲಿಲ್ಲ. ಬದಲಿಯಿಲ್ಲ, ರಜೆಯಿಲ್ಲ. ನಲವತ್ತಾರು ಮಂದಿಯೂ ಕೆಮ್ಮುತ್ತ, ಕುಂಟುತ್ತ ಗೇಟಿಗೆ ಬರತೊಡಗಿದರು. ಜೂನ್ ತಿಂಗಳ ಹಾಜರಿ ನೂರಕ್ಕೆ ನೂರು ಆಯಿತೆಂದು ಆಫೀಸಿನಲ್ಲಿ ಖುಷಿಪಟ್ಟರಂತೆ. "ಆ ಮಷಿನ್ನಿಗೆ ಮಾರಿ ಇದ್ರ ಸಾಕಿತ್ತು," ಎಂದು ರಂಜಾನಬಿ ನೆನೆಯುತ್ತಾರೆ, "ಮೈ ಹ್ಯಾಂಗದ ಅಂತ ಅದಕ್ಕ ಯಾಕ ಬೇಕು?"

ಮೂವತ್ತೆರಡನೆಯ ದಿನ ಹಣಮಮ್ಮನ ಸರದಿ. ಆ ತಿಂಗಳು ಆಕೆಗೆ ಆಗಲೇ ಎರಡು ಗೈರು ಬಿದ್ದಿದ್ದವು. ಮೂರು ದಿನದ ಜ್ವರ ಹೊತ್ತುಕೊಂಡೇ ಬಂದು ಫೋನಿಗೆ ಮುಖ ಕೊಟ್ಟಳು. ಹಸಿರು ಗೆರೆ ಬಂತು. ಆರೂ ಕಾಲಿಗೆ ಎರಡನೆಯ ಅಂತಸ್ತಿನ ಕಾರಿಡಾರಿನಲ್ಲಿ ಬಕೀಟಿನ ಸಮೇತ ಕುಸಿದು ಬಿದ್ದಳು. ಸೋಪಿನ ನೀರು ಆಪರೇಷನ್ ಕೋಣೆಯ ಬಾಗಿಲವರೆಗೆ ಹರಿಯಿತು. ಪಂಪಾಪತಿ ಏದುಸಿರು ಬಿಡುತ್ತ ಗೇಟಿಗೆ ಓಡಿ ಬಂದ.

"ಗೋಪಮ್ಮ, ಎದ್ದು ಬಾ. ಎಂಟಕ್ಕ ಆಪರೇಷನ್ ಅದ. ಹಣಮಮ್ಮನ ಜಾಗದಾಗ ಕೆಲಸ ಮಾಡು, ದಿನದ ರೊಕ್ಕ ನಾನೇ ಕೊಡ್ತೀನಿ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಗೋಪಮ್ಮ ಬರುವುದಿಲ್ಲವೆಂದರು.

"ಹಣಮಮ್ಮನ ಹಾಜರಿ ಆಗ್ಯದಲ್ರಿ. ನಾ ಯಾರಾಗಿ ಬರ್ಲಿ? ಮೊದಲು ನನ್ನ ಮಾರಿ ತಗೋರಿ, ಆಮ್ಯಾಲ ಬಕೀಟ್ ಕೊಡ್ರಿ."

"ಈಗ ಅದನ್ನೆಲ್ಲ ಮಾತಾಡೂ ಹೊತ್ತಲ್ಲವಾ!"

"ಮೂವತ್ತೊಂದು ದಿನ ಹೊತ್ತಿತ್ತಲ್ರಿ ಸರ."

ಪಂಪಾಪತಿ ಮ್ಯಾನೇಜರನಿಗೆ ಫೋನು ಹಚ್ಚಿದ. ಆ ಕಡೆಯಿಂದ ಮೊದಲು ಬೈಗುಳ ಬಂತು, ಆಮೇಲೆ "ನೋಡೋಣ" ಬಂತು. ಅಷ್ಟರಲ್ಲಿ ಗೋಪಮ್ಮ ರೋಗಿಯ ಕಡೆಯವರಂತೆ ಮೆಟ್ಟಿಲು ಹತ್ತಿ ಹೋಗಿ, ಹಣಮಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಯಾರೂ ಜಾರಿ ಬೀಳಬಾರದೆಂದು ಎರಡು ಸ್ಟೂಲು ಎಳೆದು ನೀರಿಗೆ ಅಡ್ಡ ಇಟ್ಟರು. ಮಾಪು ಮಾತ್ರ ಮುಟ್ಟಲಿಲ್ಲ. "ನೀರು ಹರಿಯೂದು ನೋಡಿ ಕೈ ತುರಸ್ತಿತ್ರಿ. ಸೆರಗು ಗಟ್ಟಿ ಹಿಡಕೊಂಡು ಕುಂತೆ. ಅವತ್ತ ಒರಸಿದ್ದಿದ್ರ ಸಾಯೂತನಕ ಯಾರದರೆ ಹೆಸರಿನಾಗೇ ಒರಸ್ತಿದ್ದೆ."

ಜ್ವರದ ಕಣ್ಣು ತೆರೆದ ಹಣಮಮ್ಮ ಆಗ ಪಿಸುಗುಟ್ಟಿದಳಂತೆ: "ಅಕ್ಕಾ, ಗಟ್ಟಿ ನಿಂದ್ರು. ನನ್ನ ಜಾಗಕ್ಕ ಬರಬ್ಯಾಡ, ನಿನ್ನ ಜಾಗಕ್ಕ ಬಾ."

ಇಪ್ಪತ್ತು ನಿಮಿಷ ಕಳೆಯಿತು. ಡಾಕ್ಟರು ಬಂದು ಹಣಮಮ್ಮನನ್ನು ಹಾಸಿಗೆಗೆ ಹಾಕಿಸಿದರು. ಜ್ವರ ಬಂದಾಕೆಯನ್ನು ಕೆಲಸಕ್ಕೆ ಹಚ್ಚಿದವರಾರೆಂದು ಕಾರಿಡಾರಿನಲ್ಲೇ ನಿಂತು ಕೂಗಾಡಿದರು. ಆ ಕೂಗು ಮ್ಯಾನೇಜರನಿಗೆ ಫೋನಿನಲ್ಲೇ ಕೇಳಿಸಿತು. ಆರೂ ಮುಕ್ಕಾಲಿಗೆ ಪಂಪಾಪತಿ ತನ್ನ ಫೋನನ್ನು ಗೋಪಮ್ಮನ ಮುಖಕ್ಕೆ ಹಿಡಿದ. "ಕಣ್ಣು ಪಿಳುಕಿಸು" ಎಂದ. ಗೋಪಮ್ಮ ರೆಪ್ಪೆ ಮಿಟುಕಿಸದೆ ನೋಡುತ್ತಲೇ ಇದ್ದರು. "ಪಿಳುಕಿಸವಾ, ಅದು ನಿನ್ನ ಫೋಟೋ ಅಂತ ತಿಳಕೊಂಡದ!" ಎಂದು ಆತ ಬೇಡಿಕೊಂಡ ಮೇಲೆ ಹಸಿರು ಗೆರೆ ಬಂತು. ನಲವತ್ತೇಳನೆಯ ಹೆಸರು: ಗೋಪಮ್ಮ ಗಂಡ ಯಲ್ಲಾಲಿಂಗ. ಎಂಟಕ್ಕೆ ಹತ್ತು ನಿಮಿಷವಿರುವಾಗ ಕಾರಿಡಾರು ಒಣಗಿತ್ತು.

ಅಂದಿನಿಂದ ಎಂಟು ತಿಂಗಳು. ಎಲ್ಲವೂ ಸರಿಹೋಗಿದೆ ಎಂದೇನಲ್ಲ. ಮೂರು ದಿನದ ನಿಯಮ ಇನ್ನೂ ಇದೆ, ಆದರೆ ಬೆಳಗಿನ ಐದರೊಳಗೆ ಫೋನು ಮಾಡಿ ತಿಳಿಸಿದವರಿಗೆ ಅದನ್ನು ಹಚ್ಚುವುದಿಲ್ಲ. ಒಂದೇ ದಿನ ಮೂವರು ತಪ್ಪಿಸಿದರೆ ಗೋಪಮ್ಮ ಒಬ್ಬರೇ ಎಲ್ಲಿಗೆಂದು ಹೋದಾರು? ಇನ್ನೊಬ್ಬ ರಿಲೀವರ್ ಬೇಕೆಂದು ಪ್ರತಿ ತಿಂಗಳು ಕೇಳುತ್ತಾರೆ. ಕಂಪನಿಯವರು ನೋಡೋಣ ಎನ್ನುತ್ತಾರೆ. ಬರುವ ತಿಂಗಳೂ ಗೋಪಮ್ಮ ಕೇಳುತ್ತಾರಂತೆ.

"ಮೊದಲು ಫೋನ್ ಬಂತಂದ್ರ ತಲಿ ಕೆಡ್ತಿತ್ತು," ಎಂದು ಪಂಪಾಪತಿ ಒಪ್ಪಿಕೊಳ್ಳುತ್ತಾನೆ. "ಯಾರದು ಸುಳ್ಳು, ಯಾರದು ಖರೆ ಅಂತ ಹುಡುಕೂದರಾಗೇ ಎಂಟು ಗಂಟಿ ಆಗ್ತಿತ್ತು. ಈಗ ಜಗಳಿಲ್ಲ. ಸೋದರಮಾವಂದಿರು ಸಾಯೂದೂ ನಿಂತದ್ರಿ. ಮಗಳ ಪರೀಕ್ಷಿ ಅದ, ಇವತ್ತ ಬರೂದಿಲ್ಲ ಅಂತ ಸೀದಾ ಹೇಳ್ತಾರ."

ದೇವದುರ್ಗದಲ್ಲಿ ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯುತ್ತದೆ. ಮಾಪನ್ನು ಹಿಂಡಿ, ಝಾಡಿಸಿ, ಮಂಜುಳಾ ಇಟ್ಟಲ್ಲೇ ಬಚ್ಚಿಟ್ಟು ಗೋಪಮ್ಮ ಬಸ್ ನಿಲ್ದಾಣಕ್ಕೆ ನಡೆಯುತ್ತಾರೆ. ಎಂಟು ತಿಂಗಳಲ್ಲಿ ಅವರು ಒಂದು ದಿನವೂ ತಪ್ಪಿಸಿಲ್ಲ. ಅದನ್ನು ಹೊಗಳಿದರೆ ಮುಖ ಸಿಂಡರಿಸುತ್ತಾರೆ. ಮುಂದಿನ ಆಸೆಯೇನೆಂದು ಕೇಳಿದರೆ ಬುತ್ತಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಹೇಳುತ್ತಾರೆ:

"ಒಂದು ದಿನ ಮುಂಜಾನೆ ಪಂಪಾಪತಿ ಸರ್‌ಗೆ ಫೋನ್ ಹಚ್ಚಿ, ಗೋಪಮ್ಮಗ ಜ್ವರ ಬಂದಾವ್ರಿ, ಇವತ್ತ ಬರೂದಿಲ್ಲ ಅಂತ ಹೇಳಬೇಕಂತದ. ಒಂಬತ್ತು ವರ್ಷದಾಗ ನನಗೂ ಎಷ್ಟೋ ಸಲ ಮೈ ಕಾದಿತ್ತು, ಯಾರಿಗೆ ಹೇಳ್ಲಿ? ಇಲ್ಲದಾಕಿ ಬರ್ಲಿಲ್ಲ ಅಂದ್ರ ಯಾರು ಕೇಳ್ತಾರ? ಈಗ ಹಂಗಲ್ಲ. ಒಂದಿನ ಬಿಟ್ರ ನನ್ನ ಹೆಸರಿನ ಮುಂದ ಗೈರು ಅಂತ ಬೀಳ್ತದ. ಅದನ್ನೊಂದು ಸಲ ಕಣ್ಣಿಲೆ ನೋಡಬೇಕ್ರಿ."