ಹಿಂಬಾಗಿಲಿದ್ದ ಬಿಸ್ಕತ್ತಿನ ಮನೆ

ಬೇಕರಿಯ ದೊಡ್ಡಮ್ಮನಿಗೆ ಬಲಗಿವಿ ಕೇಳುವುದಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಕೊಟ್ಟ ಒಂದೇ ಏಟಿಗೆ ಅದು ಸತ್ತುಹೋಯಿತು. ಆಮೇಲೆ ಕುಡಿದು ಕುಡಿದು ಅವನೂ ಸತ್ತ. "ಮೊದಲು ಅವನು ಹೋಗಿ ಆಮೇಲೆ ಕಿವಿ ಹೋಗಿದ್ರೆ ನಾನೇನೂ ಬೇಜಾರು ಮಾಡ್ಕೊಳ್ತಿರಲಿಲ್ಲ," ಎಂದು ಅವಳೇ ನಗುತ್ತಿದ್ದಳು.

ಅವಳನ್ನು ಮೊದಲು ದೊಡ್ಡಮ್ಮ ಎಂದು ಕರೆದದ್ದು ಅವಳ ತಂಗಿಯ ಮಗಳು ಪುಟ್ಟಿ. ಅದನ್ನು ಕೇಳಿ ಬೀದಿಯ ಮಕ್ಕಳು ಕರೆದರು, ಮಕ್ಕಳಿಂದ ತಾಯಂದಿರು ಕಲಿತರು. ಕೊನೆಗೆ ಬೇಕರಿಯ ಭಟ್ಟಿ ನೋಡಿಕೊಳ್ಳುವ ತಾತನೂ, ಅವಳ ಅಪ್ಪನ ವಯಸ್ಸಿನವನು, ದೊಡ್ಡಮ್ಮ ಎನ್ನತೊಡಗಿದ.

ಕ್ರಿಸ್ಮಸ್ ಹತ್ತಿರ ಬಂದಾಗ, ಮಧ್ಯಾಹ್ನ ಭಟ್ಟಿಗೆ ಬಿಡುವಾದ ಮೇಲೆ, ಬೇಕರಿಯ ಹಿಂದಿನ ಕೋಣೆ ಮಕ್ಕಳದಾಗುತ್ತಿತ್ತು. ದೊಡ್ಡಮ್ಮ ಬಿಸ್ಕತ್ತಿನ ಹಿಟ್ಟನ್ನು ಹಾಳೆಯಂತೆ ಲಟ್ಟಿಸಿ, ಗೋಡೆ ಮತ್ತು ಚಾವಣಿಗಳಾಗಿ ಕತ್ತರಿಸಿ ಬೇಯಿಸಿಡುವಳು. ಗೋಡೆಗೆ ಗೋಡೆ ಅಂಟಿಸಲು ಕಾಯಿಸಿ ಕರಗಿಸಿದ ಸಕ್ಕರೆ ಬೇಕು. ಆ ಕೆಲಸ ಅವಳದೇ. ಕಾದ ಪಾಕ ಚರ್ಮಕ್ಕೆ ಬಿದ್ದರೆ ನೀರಿನಂತೆ ಜಾರಿ ಹೋಗುವುದಿಲ್ಲ, ಕೂತಲ್ಲೇ ಸುಡುತ್ತದೆ. ಆದ್ದರಿಂದ ಒಲೆಯ ಹತ್ತಿರ ಯಾವ ಮಗುವೂ ಸುಳಿಯುವಂತಿರಲಿಲ್ಲ. ಮಕ್ಕಳದೇನಿದ್ದರೂ ಪೆಪ್ಪರ್‌ಮಿಂಟಿನ ಕಿಟಕಿ, ಪುಡಿಸಕ್ಕರೆಯ ಹಿಮ.

ಈ ವರ್ಷ ಅವಳ ತಂಗಿ ಆಸ್ಪತ್ರೆಯಲ್ಲಿದ್ದಳು. ಲಾರಿ ಓಡಿಸುವ ಗಂಡ ಟೈರು ಬಿಚ್ಚುವ ಕಬ್ಬಿಣದ ಸಲಾಕೆಯಿಂದ ಅವಳ ಮುಖಕ್ಕೆ ಬಾರಿಸಿದ್ದ. ದವಡೆ ಮುರಿದಿತ್ತು, ಡಾಕ್ಟರು ತಂತಿ ಹಾಕಿ ಬಿಗಿದಿದ್ದರು. ಹಿಂದೆಲ್ಲ ಮೆಟ್ಟಿಲಿಂದ ಬಿದ್ದೆ, ಬಾಗಿಲು ತಗುಲಿತು ಎನ್ನುತ್ತಿದ್ದವಳು, ಈ ಸಲ ಪೊಲೀಸರು "ಗಂಡನೇ ಹೊಡೆದದ್ದಾ?" ಎಂದು ಕೇಳಿದಾಗ ಬಾಯಿ ತೆರೆಯಲಾಗದೆ ಹೌದೆಂದು ತಲೆಯಾಡಿಸಿದಳು. ಅವನು ತಲೆಮರೆಸಿಕೊಂಡ. ಆದರೆ ಮಾತು ಕಳಿಸಿದ: "ಮಗಳು ನನ್ನ ಕೈಗೆ ಸಿಗ್ಲಿ. ಹೌದು ಅಂದ ಅವಳಮ್ಮನ ತಲೆ ತಾನಾಗೇ ಅಡ್ಡಡ್ಡ ಆಡುತ್ತೆ."

ಅಂದಿನಿಂದ ಪುಟ್ಟಿ ದೊಡ್ಡಮ್ಮನ ಸೆರಗು ಬಿಟ್ಟಿರಲಿಲ್ಲ. ಮಗು ಅವನ ಕೈಗೆ ಸಿಗದಿದ್ದರೆ ಸಾಕು, ತಂಗಿ ಬದುಕಿದ ಹಾಗೆ. ಬಾಗಿಲುಗಳು ಕಡಿಮೆಯಿದ್ದಷ್ಟೂ ಒಳ್ಳೆಯದೆಂದುಕೊಂಡು ದೊಡ್ಡಮ್ಮ ಹಿಂದಿನ ಕೋಣೆಯಿಂದ ಓಣಿಗೆ ತೆರೆಯುವ ಬಾಗಿಲಿಗೆ ಮೈದಾ ಮೂಟೆಗಳನ್ನು ಎದೆಯೆತ್ತರ ಪೇರಿಸಿ ಹಾಕಿಸಿದ್ದಳು.

ಆ ಮಧ್ಯಾಹ್ನ ಮಕ್ಕಳೆಲ್ಲ ಮನೆ ಕಟ್ಟುತ್ತಿದ್ದರು. ಪುಟ್ಟಿ ಮಾತ್ರ ಹಿಂದಿನ ಗೋಡೆಯನ್ನು ಚಮಚದ ಹಿಡಿಯಿಂದ ಕೆರೆಯುತ್ತ ಕೂತಿದ್ದಳು.

"ಏನೇ ಅದು, ಇಲಿ ಕೊರೆದ ಹಾಗೆ?"

"ಹಿಂಬಾಗಿಲು ದೊಡ್ಡಮ್ಮ."

"ಗೇಣುದ್ದದ ಮನೆಗೆ ಎರಡು ಬಾಗಿಲಾ? ದೊಡ್ಡ ಸಾಹುಕಾರ್ತಿ ನೀನು!"

ಪುಟ್ಟಿ ನಗಲಿಲ್ಲ. "ಅಪ್ಪ ಬರೋದು ಮುಂಬಾಗಿಲಲ್ಲಿ ಅಲ್ವಾ? ಆವಾಗ ನಾವು ಯಾವ ಕಡೆ ಹೋಗೋದು? ನಮ್ಮನೇಲಿ ಹಿಂಬಾಗಿಲೇ ಇರ್ಲಿಲ್ಲ."

ದೊಡ್ಡಮ್ಮ ಸೌಟು ಕೆಳಗಿಟ್ಟಳು. ಮೂಟೆಗಳತ್ತ ತಿರುಗಿ ನೋಡಿದಳು. ದೇವರೇ, ಈ ಮಗೂನ ನಾನು ಕಾಯ್ತಿದ್ದೀನೋ, ಕೂಡಿಹಾಕಿದ್ದೀನೋ ಎಂದು ಮನಸ್ಸಿನಲ್ಲೇ ಕೇಳಿಕೊಂಡಳು. ಆಮೇಲೆ ಗಟ್ಟಿಯಾಗಿ ಕೂಗಿದಳು: "ತಾತಾ, ಆ ಮೂಟೆ ಎಲ್ಲ ಈ ಕಡೆ ಹಾಕೋಣ ಬಾ."

"ನಿನ್ನೆ ತಾನೇ ಅಲ್ಲಿ ಹಾಕಿಸ್ದೆ! ನನ್ನ ಸೊಂಟ ಏನು ಗವರ್ಮೆಂಟಿಂದಾ, ಹೇಳಿದಾಗೆಲ್ಲ ಬಗ್ಗೋಕೆ?"

ಗೊಣಗುತ್ತಲೇ ತಾತ ಎಳೆದ. ಅವಳೂ ಕೈಹಾಕಿದಳು. ಚಿಲಕ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಲಟ್ಟಣಿಗೆಯಿಂದ ಹೊಡೆದು ಸಡಿಲಿಸಿದರು. ತಾತ ಸೊಂಟ ಹಿಡಿದುಕೊಂಡು ಮುಂದಿನ ಅಂಗಡಿಗೆ ಹೋದ. ದೊಡ್ಡಮ್ಮ ಮೈಮೇಲಿನ ಹಿಟ್ಟು ಕೊಡವಿಕೊಂಡು, ಹೊಸದಾಗಿ ಸಕ್ಕರೆ ಕರಗಿಸಲು ಒಲೆಯ ಮುಂದೆ ನಿಂತಳು.

ಪಾಕ ಜೇನಿನ ಬಣ್ಣಕ್ಕೆ ತಿರುಗುವ ಹೊತ್ತಿಗೆ ಮುಂದಿನ ಅಂಗಡಿಯಲ್ಲಿ ಗಾಜು ಒಡೆಯಿತು.

ಅವನೇ. ಕೈಯಲ್ಲಿ ಅದೇ ಸಲಾಕೆ. ಅಡ್ಡ ಬಂದ ತಾತನ ಭುಜಕ್ಕೆ ಬೀಸಿದ. ಮೂಳೆ ಮುರಿದ ಸದ್ದು ಒಳಗಿನವರೆಗೆ ಕೇಳಿತು. ಕೋಣೆಗೆ ನುಗ್ಗಿದವನೇ ಮೇಜಿನ ಮೇಲೆ ಸಲಾಕೆ ಎಳೆದ. ಮನೆಗಳೆಲ್ಲ ಗೋಡೆಗೆ ಬಡಿದು ಪುಡಿಯಾದವು.

"ಓಡಿ! ಹಿಂದಿನಿಂದ ಓಡಿ!" ಎಂದು ದೊಡ್ಡಮ್ಮ ಕಿರುಚಿದಳು.

ಬಾಗಿಲು ತೆರೆದುಕೊಂಡಿತು. ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತ ಓಣಿಗೆ ಹಾರಿದರು. ದೊಡ್ಡಮ್ಮ ಅವನ ಅಂಗಿ ಹಿಡಿದಳು. ಅವನು ಮುಷ್ಟಿಯಿಂದ ಅವಳ ಕಣ್ಣಿಗೆ ಗುದ್ದಿದ. ಅವಳು ಬಿದ್ದಾಗ ಪಕ್ಕೆಗೆ ಒದ್ದ, ಇನ್ನೊಂದು ಸಲ ಒದ್ದ. "ನಿನ್ನ ಗಂಡ ನಿನ್ನ ಒಂದೇ ಕಿವಿಗೆ ಬಿಟ್ಟ ನೋಡು, ಅದೇ ತಪ್ಪಾಗಿದ್ದು!"

ಹೊಸ್ತಿಲಲ್ಲಿದ್ದ ಪುಟ್ಟಿಯ ಜಡೆ ಅವನ ಕೈಗೆ ಸಿಕ್ಕಿತು. ಅವಳನ್ನು ನೆಲದ ಮೇಲೆ ದರದರನೆ ಎಳೆದ.

ದೊಡ್ಡಮ್ಮ ಎದ್ದಳು. ಬಾಣಲೆಯ ಹಿಡಿ ಹಿಡಿದು, ಮಗುವಿಗೆ ತಾಗದಂತೆ ಅವನ ಹಿಂದೆ ಬಂದು, ಕುದಿಯುವ ಸಕ್ಕರೆಯನ್ನು ಅವನ ಕತ್ತಿನ ಹಿಂಭಾಗಕ್ಕೆ ಸುರಿದಳು.

ಅವನು ಕೂಗಿದ ಕೂಗು ಕೆಟ್ಟ ಕಿವಿಗೂ ಕೇಳಿಸಿದಂತಾಯಿತು. ಜಡೆ ಬಿಟ್ಟು ಕತ್ತು ಒರೆಸಿಕೊಳ್ಳಲು ಹೋದ, ಅಂಗೈ ಅಂಟಿಕೊಂಡಿತು. ಕಿತ್ತಾಗ ಚರ್ಮವೂ ಬಂತು. ಮಂಡಿಯೂರಿ ಬಿದ್ದ. ದೊಡ್ಡಮ್ಮ ಅವನ ಸಲಾಕೆ ಎತ್ತಿಕೊಂಡು ಮಂಡಿಗೆ ಹೊಡೆದಳು. ತಂಗಿಯ ದವಡೆ ನೆನಪಾಗಿ ಮತ್ತೆ ಎತ್ತಿದಳು, ಈ ಸಲ ತಲೆಯ ನೇರಕ್ಕೆ.

"ದೊಡ್ಡಮ್ಮ, ಸಾಕು," ಎಂದ ತಾತ. ಜೋತುಬಿದ್ದ ತೋಳನ್ನು ಹಿಡಿದುಕೊಂಡು ಬಾಗಿಲಿಗೆ ಒರಗಿ ನಿಂತಿದ್ದ. "ಮಗು ನೋಡ್ತಿದೆ."

ಎತ್ತಿದ ಸಲಾಕೆ ಇಳಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕೈ ಮಾತು ಕೇಳುತ್ತಿರಲಿಲ್ಲ.

ಓಣಿಯವರು ಬಂದರು, ಪೊಲೀಸರು ಬಂದರು, ಅವನನ್ನು ಹೊತ್ತುಕೊಂಡು ಹೋದರು. ಆ ರಾತ್ರಿ ದೊಡ್ಡಮ್ಮ ಪ್ರಾರ್ಥನೆಗೆ ಕೂತಳು. ಸುರಿದದ್ದಕ್ಕೆ ಅವಳು ಕ್ಷಮೆ ಕೇಳಲಿಲ್ಲ. ಎರಡನೆಯ ಸಲ ಎತ್ತಿದ್ದಕ್ಕೆ ಮಾತ್ರ ಕೇಳಿದಳು.

ಮರುದಿನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಪುಟ್ಟಿಯ ಕೈಹಿಡಿದು ಆಸ್ಪತ್ರೆಗೆ ಹೋದಳು. ತಂಗಿ ಅಕ್ಕನ ಮುಖ ನೋಡಿ ಗಾಬರಿಯಾಗಿ ಎದ್ದು ಕೂತಳು.

"ಈಗ ನಾವಿಬ್ರೂ ಅಕ್ಕತಂಗೀರು ಅಂತ ಯಾರು ಬೇಕಾದ್ರೂ ಹೇಳ್ತಾರೆ," ಎಂದಳು ದೊಡ್ಡಮ್ಮ. ತಂಗಿ ನಗಲು ಬಾಯಿ ತೆರೆಯುವಂತಿರಲಿಲ್ಲ, ಕಣ್ಣಲ್ಲೇ ನಕ್ಕಳು. "ಅವನನ್ನ ಹಿಡಿದ್ರು ಕಣೇ. ಪೊಲೀಸರು ಮತ್ತೆ ಕೇಳೋಕೆ ಬರ್ತಾರೆ."

ತಂಗಿ ಮಗಳನ್ನು ಎದೆಗೆ ಒತ್ತಿಕೊಂಡು, ಯಾರೂ ಕೇಳದಿದ್ದರೂ, ಹೌದೆಂದು ತಲೆಯಾಡಿಸಿದಳು.

ಪುಟ್ಟಿ ಲಂಗದ ಜೇಬಿನಿಂದ ಬಿಸ್ಕತ್ತಿನ ಚೂರೊಂದನ್ನು ತೆಗೆದಳು. ಗೋಡೆಯಿಂದ ಕೊರೆದು ತೆಗೆದಿದ್ದ, ಓಡುವಾಗ ಮುಷ್ಟಿಯಲ್ಲಿ ಉಳಿದಿದ್ದ ಅವಳ ಹಿಂಬಾಗಿಲು. "ಅಮ್ಮನಿಗೆ ಅಂತ ಇಟ್ಟಿದ್ದೆ. ಅಗಿಯೋಕೆ ಆಗಲ್ವಲ್ಲ?"

ದೊಡ್ಡಮ್ಮ ಅದನ್ನು ಬಿಸಿ ಹಾಲಿಗೆ ಹಾಕಿದಳು. ಪುಟ್ಟಿ ಲೋಟಕ್ಕೆ ಮೂಗು ತಾಗಿಸಿ ಕಾದಳು. ಚೂರು ಪೂರ್ತಿ ಕರಗಿದ ಮೇಲೆ ತಾನೇ ಸ್ಟ್ರಾ ಹಿಡಿದು ಅಮ್ಮನ ತುಟಿಗಿಟ್ಟಳು.

"ನಿಧಾನ ಕುಡಿಯಮ್ಮ," ಎಂದಳು, "ಅದರಲ್ಲಿ ಬಾಗಿಲಿದೆ."