ಹಲ್ಲಿನ ಪೆಪ್ಪರಮಿಂಟು

ಐದು ವರ್ಷದ ಮಗಳ ಎರಡು ಹಲ್ಲು ಹುಳುಕಾಗಿದ್ದವು. ಮಿಕ್ಕವಾದರೂ ಉಳಿಯಲೆಂದು ನಾವಿದ್ದ ವೆಂಬ್ಲಿಯ ಅಂಗಡಿಯಿಂದ ಸಕ್ಕರೆಯಿಲ್ಲದ, ಹುಳುಕು ತಡೆಯುವ ಗಿಡಮೂಲಿಕೆಯ ಪೆಪ್ಪರಮಿಂಟು ತಂದೆ. ನಾನು ಕೆಲಸಕ್ಕೆ ಹೋದಾಗ ಅದನ್ನು ತಿನ್ನಿಸುವ ಹೊಣೆ ಧಾರವಾಡದಿಂದ ವಿಮಾನ ಹತ್ತಿ ಬಂದಿದ್ದ ಅವ್ವನದು. ಊಟದ ಮೇಲೆ ಒಂದೇ ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಮಗಳು ಪೆಪ್ಪರಮಿಂಟು ಮುಗಿಸಿ ಬಾಯಿ ತೆರೆದಳು. ಅವ್ವ ಅದರೊಳಗೆ ಬೆಲ್ಲದ ಚೂರು ಇಟ್ಟಳು.

"ಅವ್ವಾ, ಏನ್ ಮಾಡಾಕತ್ತೀ?"

"ಔಷಧ ಒಗರ ಐತಿ. ಆಮ್ಯಾಲೆ ಬಾಯಿ ಸಿಹಿ ಮಾಡಬೇಕಲ್ಲ. ನಿನ್ನೂ ಹಿಂಗ ಬೆಳಸೀನಿ."

"ಒನ್ ಮೋರ್, ಅಜ್ಜಿ," ಎಂದಳು ಮಗಳು.

ಸಿಟ್ಟು ನೆತ್ತಿಗೇರಿತು. ಆದರೆ ನಾಲಿಗೆ ತಾನಾಗಿಯೇ ಸಿಮೆಂಟು ತುಂಬಿಸಿಕೊಂಡ ನನ್ನ ನಾಲ್ಕು ದವಡೆಹಲ್ಲುಗಳ ಮೇಲೆ ಓಡಾಡತೊಡಗಿತು.